ಆಚಾರ್ಯ ಶ್ರೀಕಂಠಯ್ಯನವರೂ ಯವನರ ಯುಗಗಳೂ

ಪ್ರತಿವರ್ಷವೂ ನಮ್ಮ ಶಾಲೆಯ ಚರಿತ್ರೆಯ ಪಾಠಗಳಲ್ಲಿ ಪ್ರಾಚೀನ ಗ್ರೀಸ್ ದೇಶದ ಪ್ರಸ್ತಾಪವು ಬರುತ್ತದೆ. ಮಕ್ಕಳು ಯುಗಗಳ ಹೆಸರುಗಳನ್ನೂ ಇಸವಿಗಳನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಬೇಸಗೆಯ ರಜೆಯಲ್ಲಿ ಮರೆತುಬಿಡುತ್ತಾರೆ. ಒಂದು ಸಲ ಹೆತ್ತವರ ಸಭೆಯಲ್ಲಿ ತಂದೆಯವರೊಬ್ಬರು, ಕೋಟೇಶ್ವರದ ಹೆಣ್ಣುಮಗುವಿಗೆ ಎರಡೂವರೆ ಸಾವಿರ ವರ್ಷಗಳ ಹಿಂದಣ ಗ್ರೀಕರಿಂದ ಆಗಬೇಕಾದುದೇನೆಂದು ವಿನಯಪೂರ್ವಕವಾಗಿಯೇ ಕೇಳಿದರು. ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರವು ನಮ್ಮ ಮನಸ್ಸಿಗೇ ಒಪ್ಪಿಗೆಯಾಗಲಿಲ್ಲ. ಲೋಕಜ್ಞಾನ, ಬುದ್ಧಿವಿಕಾಸ ಮುಂತಾದ ಮಾತುಗಳನ್ನು ಆಡಿ ಕುಳಿತುಕೊಂಡೆವು. ತರುವಾಯ ಆ ಪ್ರಶ್ನೆಯು ನಮ್ಮನ್ನು ಬಹು ದಿನ ಹಿಂಬಾಲಿಸಿತು. ಅದಕ್ಕೆ ತಕ್ಕ ಉತ್ತರವು ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದೆ, ಒಬ್ಬ ಉಪಾಧ್ಯಾಯರ ಬಾಳಿನಲ್ಲಿ ದೊರೆಯಿತು. ಅವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು. ಕನ್ನಡಿಗರೆಲ್ಲರೂ ಪ್ರೀತಿಯಿಂದ ಬಿ. ಎಂ. ಶ್ರೀ ಎಂದು ಕರೆಯುವ ಮಹನೀಯರು. ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರ ಜೊತೆಯಲ್ಲಿಯೇ ಗ್ರೀಕರ ಯುಗಗಳನ್ನೂ ವಾಚಕರ ಕಣ್ಣಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶವಾಗಿದೆ.

ಶ್ರೀಕಂಠಯ್ಯನವರು ೧೮೮೪ನೆಯ ಇಸವಿಯ ಜನವರಿ ೩ರಂದು ತುಮಕೂರು ಸೀಮೆಯ ಸಂಪಿಗೆ ಎಂಬ ಹಳ್ಳಿಯಲ್ಲಿ, ತಾಯಿಯ ತವರುಮನೆಯಲ್ಲಿ ಹುಟ್ಟಿದರು. ತಂದೆಯ ಕಡೆಯ ಊರು ನಾಗಮಂಗಲದ ಸಮೀಪದ ಬೆಳ್ಳೂರು. ಅವರು ಹಳೆಯ ಮೈಸೂರು ಸಂಸ್ಥಾನದಲ್ಲಿ ಬೆಳೆದು, ಉನ್ನತ ವಿದ್ಯಾಭ್ಯಾಸವನ್ನು ಪೂರೈಸಿ, ಮದರಾಸು ವಿಶ್ವವಿದ್ಯಾನಿಲಯದ ಎಂ. ಎ. ಪದವಿಯನ್ನು ಪಡೆದರು. ಆಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆಯ ಅಧ್ಯಾಪಕರಾದರು. ಆ ಕಾಲದಲ್ಲಿ ಇಂಗ್ಲಿಷ್ ಕಲಿತವನು ಕನ್ನಡದಲ್ಲಿ ಮಾತನಾಡಲು ನಾಚುತ್ತಿದ್ದನು; ಕನ್ನಡ ಪಂಡಿತನಾದರೋ ಇಂಗ್ಲಿಷ್ ಕಲಿತವನ ಎದುರಿನಲ್ಲಿ ಕುಗ್ಗಿ ನಿಲ್ಲುತ್ತಿದ್ದನು. ಶ್ರೀಕಂಠಯ್ಯನವರ ಹೊಟ್ಟೆಯ ಪಾಡು ಇಂಗ್ಲಿಷಿನಿಂದ ನಡೆಯುತ್ತಿದ್ದರೂ ಮನಸ್ಸೆಲ್ಲವೂ ಕನ್ನಡದಲ್ಲಿಯೇ ನೆಟ್ಟಿತ್ತು. ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಅವರು ಕನ್ನಡ ಮಾತು ತಲೆಯೆತ್ತುವ ಬಗೆ ಎಂಬ ವಿಷಯವಾಗಿ ಉಪನ್ಯಾಸ ಮಾಡಿದಾಗ ಅವರ ವಯಸ್ಸು ಇಪ್ಪತ್ತೇಳು ಮಾತ್ರ. ಹಳೆಯದರ ಬೇರನ್ನು ಕಡಿಯದೆ, ಹೊಸದರ ಗಾಳಿಗೆ ಬಾಗಿಲು ಮುಚ್ಚದೆ, ಜನರಾಡುವ ಭಾಷೆಗೆ ಹತ್ತಿರವಾದ ಕನ್ನಡವನ್ನು ಬೆಳೆಸಬೇಕೆಂಬುದು ಅವರ ಜೀವಮಾನದ ಸಂಕಲ್ಪವಾಗಿತ್ತು.

ಈ ಸಂಕಲ್ಪದ ಮೊದಲ ದೊಡ್ಡ ಫಲವೇ ಇಂಗ್ಲಿಷ್ ಗೀತಗಳು ಎಂಬ ಪುಸ್ತಕ. ೧೯೨೬ರ ಹೊತ್ತಿಗೆ ಅದು ನಾಡಿನಲ್ಲೆಲ್ಲ ಹೆಸರಾಗಿತ್ತು. ಆಂಗ್ಲಕವಿಗಳ ಗೀತಗಳನ್ನು ಅವರು ಕನ್ನಡಕ್ಕೆ ತಂದ ರೀತಿಯಿಂದ ಹೊಸ ಛಂದಸ್ಸುಗಳೂ ಹೊಸ ಭಾವಗಳೂ ನಮ್ಮ ಕವಿಗಳಿಗೆ ದೊರೆತವು. ನಮ್ಮದೇ ಕರಾವಳಿಯ ಮಂಜೇಶ್ವರ ಗೋವಿಂದ ಪೈಗಳು ೧೯೧೧ರಲ್ಲಿಯೇ ಆದಿಪ್ರಾಸದ ನಿಯಮವನ್ನು ಬಿಟ್ಟು ಪದ್ಯವನ್ನು ರಚಿಸಿದ್ದರೆಂಬುದನ್ನೂ ಇಲ್ಲಿ ಸ್ಮರಿಸುವುದು ಉಚಿತ. ಕಾರ್ಡಿನಲ್ ನ್ಯೂಮನ್ನರು ತಮ್ಮ ಯೌವನದಲ್ಲಿ, ೧೮೩೩ರಲ್ಲಿ, ಇಟಲಿಯಿಂದ ಊರಿಗೆ ಮರಳುವ ಹಡಗಿನಲ್ಲಿ ರಚಿಸಿದ ಪ್ರಾರ್ಥನಾಗೀತವು ಶ್ರೀಕಂಠಯ್ಯನವರ ಕೈಯಲ್ಲಿ ಎಷ್ಟು ಸಹಜವಾಗಿ ಕನ್ನಡವಾಯಿತೆಂದರೆ, ಅದನ್ನು ಹಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಅದು ಬೇರೆ ಭಾಷೆಯಿಂದ ಬಂದುದೆಂಬುದೇ ತಿಳಿಯದು. ಅದೇ ಪುಸ್ತಕದಲ್ಲಿ, ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡ ಒಬ್ಬ ದಿಕ್ಕಿಲ್ಲದ ತರುಣಿಯ ಮೇಲೆ ಹುಡ್ ಎಂಬ ಕವಿ ಬರೆದ ಶೋಕಗೀತವೂ ಸೇರಿದೆ. ಲೋಕವು ನಿಂದಿಸಿದ ಹೆಣ್ಣಿಗಾಗಿ ಮರುಗುವ ಆ ಗೀತವನ್ನು ಅವರು ಆಯ್ದುಕೊಂಡರೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇವೆ. ಮುಂದೆ ಅವರು ಗ್ರೀಕರ ಬಳಿಗೆ ಹೋದಾಗ ತಂದುದೂ ಇಂಥ ಮರುಕವನ್ನೇ.

ಗ್ರೀಕರ ಚರಿತ್ರೆಯನ್ನು ವಿದ್ವಾಂಸರು ಕೆಲವು ಯುಗಗಳಾಗಿ ವಿಭಾಗಿಸಿರುವರು. ಅವುಗಳಲ್ಲಿ ಮೊದಲನೆಯದು ಕಂಚಿನ ಯುಗ. ಕ್ರೀಟ್ ದ್ವೀಪದಲ್ಲಿ ಮಿನೋಅರ ಅರಮನೆಗಳು ಬೆಳಗಿದ ಮೇಲೆ, ಸುಮಾರು ಕ್ರಿ. ಪೂ. ೧೬೦೦ರಿಂದ ೧೧೦೦ರ ವರೆಗೆ ಗ್ರೀಸಿನ ನೆಲದಲ್ಲಿ ಮೈಸೀನೆ ಮೊದಲಾದ ಕೋಟೆಗಳ ಅರಸರು ಆಳಿದರು. ಟ್ರಾಯ್ ಯುದ್ಧದ ಕಥೆಗಳು ಈ ಕಾಲವನ್ನೇ ಕುರಿತವು. ಹೋಮರನ ಕಾವ್ಯಗಳು ಬರಿಯ ಕಟ್ಟುಕಥೆಗಳೆಂದು ಅನೇಕರು ಭಾವಿಸಿದ್ದಾಗ, ಶ್ಲೀಮನ್ ಎಂಬ ಜರ್ಮನನು ೧೮೭೦ರ ದಶಕದಲ್ಲಿ ಟ್ರಾಯ್ ಪಟ್ಟಣದ ದಿಣ್ಣೆಯನ್ನೂ ಮೈಸೀನೆಯನ್ನೂ ಅಗೆದು ಲೋಕವನ್ನು ಬೆರಗುಗೊಳಿಸಿದನು. ಆ ಕಾಲದ ಮಣ್ಣಿನ ಹಲಗೆಗಳ ಲಿಪಿಯನ್ನು ಓದಲು ಸಾಧ್ಯವಾದುದು ೧೯೫೨ರಲ್ಲಿ, ಮೈಕೇಲ್ ವೆಂಟ್ರಿಸ್ ಎಂಬ ತರುಣ ವಾಸ್ತುಶಿಲ್ಪಿಯ ಪರಿಶ್ರಮದಿಂದ. ಅದರ ಭಾಷೆಯೂ ಗ್ರೀಕೇ ಎಂದು ಗೊತ್ತಾಯಿತು. ಶ್ರೀಕಂಠಯ್ಯನವರು ಆ ವಾರ್ತೆಯನ್ನು ಕೇಳಲು ಬದುಕಿರಲಿಲ್ಲ.

ಕಂಚಿನ ಯುಗದ ಕೋಟೆಗಳು ಉರಿದು ಬಿದ್ದ ಮೇಲೆ ಸುಮಾರು ಮುನ್ನೂರು ವರ್ಷಗಳ ಕತ್ತಲೆಯ ಕಾಲವು ಬಂದಿತು. ಬರವಣಿಗೆಯೇ ಮರೆತುಹೋಯಿತು. ಕ್ರಿ. ಪೂ. ೮ನೆಯ ಶತಮಾನದಲ್ಲಿ ಗ್ರೀಕರು ಫಿನೀಷಿಯದ ವರ್ತಕರಿಂದ ಅಕ್ಷರಗಳನ್ನು ಕಲಿತು, ಅವಕ್ಕೆ ಸ್ವರಾಕ್ಷರಗಳನ್ನು ಕೂಡಿಸಿ, ತಮ್ಮ ನುಡಿಯನ್ನು ಮತ್ತೆ ಬರೆಯತೊಡಗಿದರು. ಇದೇ ಆರ್ಷ ಯುಗ. ಒಲಿಂಪಿಯದ ಆಟಗಳು ಕ್ರಿ. ಪೂ. ೭೭೬ರಲ್ಲಿ ಆರಂಭವಾದುವೆಂದು ಗ್ರೀಕರೇ ಲೆಕ್ಕವಿಟ್ಟಿದ್ದರು. ಹೋಮರನ ಕಾವ್ಯಗಳು ರೂಪುಗೊಂಡುದೂ, ಲೆಸ್ಬೋಸ್ ದ್ವೀಪದಲ್ಲಿ ಸ್ಯಾಫೋ ಎಂಬ ಕವಯಿತ್ರಿಯು ಹಾಡಿದುದೂ, ಅಥೆನ್ಸಿನಲ್ಲಿ ಸೋಲನ್ ಎಂಬ ಜ್ಞಾನಿಯು ಕ್ರಿ. ಪೂ. ೫೯೪ರಲ್ಲಿ ಸಾಲಕ್ಕಾಗಿ ಮನುಷ್ಯನನ್ನು ಜೀತಕ್ಕೆ ಹಿಡಿಯುವ ಪದ್ಧತಿಯನ್ನು ನಿಲ್ಲಿಸಿದುದೂ ಈ ಯುಗದಲ್ಲಿಯೇ. ಎರವಲು ತಂದ ಅಕ್ಷರದಲ್ಲಿ ತಮ್ಮ ಹೃದಯವನ್ನು ಬರೆದವರು ಇವರು. ಎರವಲು ತರುವುದು ಅವಮಾನವಲ್ಲ, ತಂದುದನ್ನು ತನ್ನದಾಗಿ ಮಾಡಿಕೊಳ್ಳದಿರುವುದೇ ಅವಮಾನವೆಂಬ ಪಾಠವನ್ನು ಇಲ್ಲಿ ಕಾಣಬಹುದು. ಶ್ರೀಕಂಠಯ್ಯನವರು ಕನ್ನಡಕ್ಕಾಗಿ ಮಾಡಿದುದೂ ಇದನ್ನೇ.

ಆಮೇಲೆ ಬಂದುದು ಶ್ರೇಷ್ಠ ಯುಗ. ಕ್ರಿ. ಪೂ. ೪೮೦ರಲ್ಲಿ ಪಾರಸಿಕರನ್ನು ಸೋಲಿಸಿದಂದಿನಿಂದ ೩೨೩ರಲ್ಲಿ ಅಲೆಗ್ಸಾಂಡರನು ಮಡಿಯುವ ವರೆಗಿನ ಸುಮಾರು ನೂರೈವತ್ತು ವರ್ಷಗಳ ಈ ಅವಧಿಯಲ್ಲಿ, ಬಹುಮಟ್ಟಿಗೆ ಅಥೆನ್ಸ್ ಎಂಬ ಒಂದೇ ಪಟ್ಟಣವು ಲೋಕಕ್ಕೆ ಕೊಟ್ಟ ವಿದ್ಯೆಗಳನ್ನು ಎಣಿಸಿ ಮುಗಿಸಲಾಗದು. ಅವುಗಳಲ್ಲಿ ಒಂದು ನಾಟಕ. ಅಕ್ರೊಪೊಲಿಸ್ ಬೆಟ್ಟದ ತಪ್ಪಲಿನ ಬಯಲುರಂಗದಲ್ಲಿ, ದೇವತೋತ್ಸವದ ದಿನಗಳಲ್ಲಿ, ಸಾವಿರಾರು ಜನರು ಕುಳಿತು ನಾಟಕವನ್ನು ನೋಡುತ್ತಿದ್ದರು. ನಟರು ಮುಖವಾಡಗಳನ್ನು ಧರಿಸುತ್ತಿದ್ದರು. ಹೆಣ್ಣಿನ ಪಾತ್ರವನ್ನೂ ಗಂಡಸರೇ ವಹಿಸುತ್ತಿದ್ದರು. ಹನ್ನೆರಡು ಅಥವಾ ಹದಿನೈದು ಜನರ ಗುಂಪೊಂದು ಹಾಡುತ್ತ ಕುಣಿಯುತ್ತ ಕಥೆಯ ಅರ್ಥವನ್ನು ಬಿಡಿಸುತ್ತಿತ್ತು. ಇದನ್ನು ಓದುವ ನಮ್ಮ ಊರಿನ ಮಕ್ಕಳಿಗೆ ಆಶ್ಚರ್ಯವೇನೂ ಆಗುವುದಿಲ್ಲ. ಕೋಟೇಶ್ವರದ ಕೊಡಿಹಬ್ಬಕ್ಕೆ ಹೋದವರಿಗೂ, ಸುಗ್ಗಿ ಮುಗಿದ ಗದ್ದೆಯಲ್ಲಿ ಚೆಂಡೆಯ ದನಿಯನ್ನು ಕೇಳುತ್ತ ಬೆಳಗು ಮಾಡಿದವರಿಗೂ ಬಯಲಾಟದ ಸೊಗಸನ್ನು ಹೇಳಿಕೊಡಬೇಕಾಗಿಲ್ಲ. ಅಥೆನ್ಸಿನವರು ಬೆಳಗಿನಿಂದ ಆಡಿದರು, ನಮ್ಮವರು ರಾತ್ರಿಯಿಂದ ಬೆಳಗಿನ ವರೆಗೆ ಆಡಿದರು. ಭೇದವು ಅಷ್ಟೇ ಎಂದು ಒಬ್ಬ ಹುಡುಗಿಯು ತರಗತಿಯಲ್ಲಿ ಹೇಳಿದುದನ್ನು ನಾವು ತಿದ್ದಲಿಲ್ಲ.

ಈ ಯವನ ನಾಟಕದ ಒಂದು ವಿಶೇಷವು ಶ್ರೀಕಂಠಯ್ಯನವರ ಮನಸ್ಸನ್ನು ಸೆರೆಹಿಡಿಯಿತು. ನಮ್ಮ ಸಂಸ್ಕೃತ ನಾಟಕಗಳು ಮಂಗಳದಲ್ಲಿ ಮುಗಿಯುವುವು. ಗ್ರೀಕರಾದರೋ ಮಹಾಪುರುಷನೊಬ್ಬನು ತನ್ನ ಒಂದು ತಪ್ಪಿನಿಂದಲೂ ವಿಧಿಯ ಕೈವಾಡದಿಂದಲೂ ಬಿದ್ದುಹೋಗುವುದನ್ನು ಕಣ್ಣು ಮುಚ್ಚದೆ ನೋಡಿದರು. ಅಂಥ ಕೃತಿಗೆ ಶ್ರೀಕಂಠಯ್ಯನವರು ರುದ್ರನಾಟಕವೆಂದು ಹೆಸರಿಟ್ಟರು. ಅದರ ಬೀಜವು ಕನ್ನಡದಲ್ಲಿಯೂ ಇದೆಯೆಂದು ಅವರು ಕಂಡುಕೊಂಡರು. ಮಹಾಕವಿ ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಬರಿಯ ದುಷ್ಟನಲ್ಲ. ಬಂಧುಗಳ ಹೆಣಗಳ ನಡುವೆ ನಡೆದರೂ ತಲೆಬಾಗದ ಛಲದಂಕನು. ಆ ಕಾವ್ಯವನ್ನೇ ನಾಟಕರೂಪಕ್ಕೆ ಅಳವಡಿಸಿ ೧೯೨೬ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳ ಬಳಿಕ, ೧೯೨೯ರಲ್ಲಿ, ಅಶ್ವತ್ಥಾಮನ್ ಹೊರಬಂದಿತು.

ಅಶ್ವತ್ಥಾಮನ್ ನಾಟಕಕ್ಕೆ ಮೂಲವು ಸೊಫೊಕ್ಲೀಸನ ಏಜಾಕ್ಸ್. ಟ್ರಾಯ್ ಯುದ್ಧದಲ್ಲಿ ಅಕಿಲೀಸನು ಮಡಿದ ಮೇಲೆ ಅವನ ಆಯುಧಗಳು ತನಗೆ ಸಲ್ಲಬೇಕೆಂದು ಏಜಾಕ್ಸನು ನಂಬಿದ್ದನು. ಅವು ಒಡಿಸ್ಯೂಸನಿಗೆ ಸಂದುವು. ಅವಮಾನದಿಂದ ಕೆರಳಿದ ವೀರನು ರಾತ್ರಿಯಲ್ಲಿ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ಹೊರಟನು. ಅಥೀನಾದೇವಿಯು ಅವನ ಬುದ್ಧಿಯನ್ನು ಭ್ರಮೆಗೊಳಿಸಲು, ದನಕುರಿಗಳನ್ನೇ ಶತ್ರುಗಳೆಂದು ಬಗೆದು ಕಡಿದನು. ಬೆಳಗಾದಾಗ ಭ್ರಮೆ ಹರಿಯಿತು. ನಾಚಿಕೆ ಮಾತ್ರ ಉಳಿಯಿತು. ಹೆಂಡತಿಯಂತಿದ್ದ ಟೆಕ್ಮೆಸ್ಸಳು ಮಗುವಿನ ಮೊಗವನ್ನು ತೋರಿಸಿ ಎಷ್ಟು ಬೇಡಿದರೂ ಅವನು ನಿಲ್ಲದೆ, ಸಮುದ್ರತೀರಕ್ಕೆ ಹೋಗಿ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಪ್ರಾಣ ಬಿಟ್ಟನು. ನಾಯಕರು ಆ ಹೆಣಕ್ಕೆ ಸಂಸ್ಕಾರವನ್ನೂ ನಿರಾಕರಿಸಿದರು. ಆಗ ಅವನ ಪರವಾಗಿ ಬಂದು ವಾದಿಸಿದವನು ಅವನ ಹಗೆಯಾದ ಒಡಿಸ್ಯೂಸನೇ. ಇಂದು ಈ ವೀರನಿಗೆ ಬಂದ ಗತಿಯು ನಾಳೆ ತನಗೂ ಬರಬಹುದೆಂಬ ತಿಳಿವೇ ಅವನನ್ನು ಅಲ್ಲಿಗೆ ಕರೆತಂದಿತು.

ಶ್ರೀಕಂಠಯ್ಯನವರು ಈ ಕಥೆಯನ್ನು ಪರದೇಶದ ಹೆಸರುಗಳಲ್ಲಿಯೇ ಬಿಡಲಿಲ್ಲ. ಕುರುಕ್ಷೇತ್ರದ ಕೊನೆಯ ರಾತ್ರಿಯ ಘೋರಕೃತ್ಯವನ್ನೂ ಅದರ ಕಳಂಕವನ್ನೂ ಹೊತ್ತ ಅಶ್ವತ್ಥಾಮನನ್ನು ಏಜಾಕ್ಸನ ಸ್ಥಾನದಲ್ಲಿ ನಿಲ್ಲಿಸಿದರು. ಟೆಕ್ಮೆಸ್ಸಳ ಸ್ಥಾನಕ್ಕೆ ಭಾರ್ಗವಿ ಎಂಬ ಹೆಂಡತಿಯು ಬಂದಳು. ತಮ್ಮನಾದ ಟ್ಯೂಸರನ ಸ್ಥಾನಕ್ಕೆ ಏಕಲವ್ಯನು ಬಂದನು. ಹಳಗನ್ನಡದ ಗಾಂಭೀರ್ಯವುಳ್ಳ ಭಾಷೆಯಲ್ಲಿ ಗ್ರೀಕ್ ನಾಟಕದ ಅಚ್ಚು ಒಡೆಯದಂತೆ ಭಾರತದ ವೀರನು ಮಾತನಾಡಿದನು. ನಮ್ಮ ಪರಂಪರೆಯಲ್ಲಿ ಚಿರಂಜೀವಿಯೆನಿಸಿದ ಅಶ್ವತ್ಥಾಮನು ಈ ನಾಟಕದಲ್ಲಿ ತನ್ನ ಪ್ರಾಣವನ್ನು ತಾನೇ ನೀಗುತ್ತಾನೆ. ಇದು ಸರಿಯೋ ತಪ್ಪೋ ಎಂಬ ಚರ್ಚೆಯು ಪಂಡಿತರಲ್ಲಿ ನಡೆದೇ ಇದೆ. ನಮ್ಮ ಪ್ರಸಂಗಗಳನ್ನು ನೋಡಿ ಬೆಳೆದ ನಮಗೂ ಮೊದಲನೆಯ ಓದಿನಲ್ಲಿ ಅದು ಒಪ್ಪಿಗೆಯಾಗಲಿಲ್ಲವೆಂಬುದನ್ನು ಮರೆಮಾಚಲಾರೆವು. ಆದರೆ ಎರಡನೆಯ ಓದಿನಲ್ಲಿ ಬೇರೊಂದು ಸಂಗತಿಯು ಕಂಡಿತು. ನಾವು ಯಾರನ್ನು ಪಾಪಿಯೆಂದು ಶಪಿಸಿ ಕಥೆಯನ್ನು ಮುಗಿಸಿಬಿಡುತ್ತೇವೆಯೋ, ಅವನಿಗೂ ಒಂದು ಮನೆಯುಂಟು, ಕಾಯುವವಳೊಬ್ಬಳುಂಟು ಎಂದು ನಾಟಕಕಾರರು ಬಾಗಿಲು ತೆರೆದು ತೋರಿಸಿದ್ದರು.

ಇವೆಲ್ಲಕ್ಕಿಂತ ಮಿಗಿಲಾಗಿ ನಮ್ಮ ಕಡಲತೀರದವರಿಗೆ ಸಲ್ಲುವುದು ಅವರ ಮೂರನೆಯ ಕೃತಿಯಾದ ಪಾರಸಿಕರು. ಅದು ೧೯೩೫ರಲ್ಲಿ ಪ್ರಕಟವಾಯಿತು. ಇದು ಈಸ್ಕಿಲಸನ ನಾಟಕದ ಕನ್ನಡ ರೂಪ. ಮೂಲವನ್ನು ಅಥೆನ್ಸಿನಲ್ಲಿ ಕ್ರಿ. ಪೂ. ೪೭೨ರಲ್ಲಿ ಆಡಲಾಯಿತು. ಇಂದಿಗೆ ಸಂಪೂರ್ಣವಾಗಿ ಉಳಿದು ಬಂದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಎಣಿಸುತ್ತಾರೆ. ಇದರ ಬೆಲೆಯನ್ನು ತಿಳಿಯಲು ಅದಕ್ಕೆ ಎಂಟು ವರ್ಷಗಳ ಹಿಂದಿನ ಸಂಗತಿಯನ್ನು ನೆನೆಯಬೇಕು. ಪಾರಸಿಕರ ಚಕ್ರವರ್ತಿಯಾದ ಜರ್ಕ್ಸಸನು ಕ್ರಿ. ಪೂ. ೪೮೦ರಲ್ಲಿ ಅಪಾರ ಸೈನ್ಯದೊಡನೆ ಬಂದು, ಅಥೆನ್ಸನ್ನು ಹಿಡಿದು, ದೇವಾಲಯಗಳನ್ನು ಸುಟ್ಟನು. ಪಟ್ಟಣಿಗರು ಹೆಂಗಸರನ್ನೂ ಮಕ್ಕಳನ್ನೂ ಬೇರೆ ಊರುಗಳಿಗೆ ಸಾಗಿಸಿ ಹಡಗುಗಳನ್ನು ಹತ್ತಿದರು. ಸಲಾಮಿಸ್ ದ್ವೀಪದ ಇಕ್ಕಟ್ಟಾದ ಕೊಲ್ಲಿಯಲ್ಲಿ ಮುನ್ನೂರಕ್ಕೆ ಮೇಲ್ಪಟ್ಟ ಗ್ರೀಕ್ ಹಡಗುಗಳು ತಮಗಿಂತ ಬಹು ದೊಡ್ಡದಾದ ಪಾರಸಿಕ ನೌಕಾಬಲವನ್ನು ಮುರಿದುವು. ಈಸ್ಕಿಲಸನು ಹತ್ತು ವರ್ಷಗಳ ಹಿಂದೆ ಮ್ಯಾರಥಾನಿನಲ್ಲಿ ಸ್ವತಃ ಕಾದಿದವನು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನು ಅಲ್ಲಿಯೇ ಮಡಿದನು. ಸಲಾಮಿಸಿನಲ್ಲಿಯೂ ಅವನು ಹೋರಾಡಿದನೆಂದು ಪ್ರಾಚೀನರು ಹೇಳುತ್ತಾರೆ.

ಇಂಥವನು ಗೆಲುವಿನ ನಾಟಕವನ್ನು ಬರೆಯಲು ಕುಳಿತಾಗ ಏನು ಬರೆಯಬಹುದಿತ್ತು? ತನ್ನ ಪಟ್ಟಣದ ವೀರರನ್ನು ರಂಗದ ಮೇಲೆ ಮೆರೆಸಬಹುದಿತ್ತು. ಹಗೆಯನ್ನು ಹಾಸ್ಯ ಮಾಡಬಹುದಿತ್ತು. ಅವನು ಅದೊಂದನ್ನೂ ಮಾಡದೆ, ನಾಟಕವನ್ನೆಲ್ಲ ಪಾರಸಿಕರ ರಾಜಧಾನಿಯಲ್ಲಿಯೇ ಇರಿಸಿದನು. ಒಬ್ಬ ಗ್ರೀಕ್ ವೀರನ ಹೆಸರೂ ಅದರಲ್ಲಿ ಬರುವುದಿಲ್ಲ. ಮಗನ ಸುದ್ದಿಗಾಗಿ ಕಾಯುವ ರಾಜಮಾತೆ, ಕಳವಳಗೊಂಡ ಮುದುಕರ ಮೇಳ, ಸೋಲಿನ ವಾರ್ತೆಯನ್ನು ತರುವ ದೂತ, ಗೋರಿಯಿಂದ ಎದ್ದು ಬಂದು ಮಗನ ಗರ್ವವನ್ನು ಖಂಡಿಸುವ ಡೇರಿಯಸನ ಪ್ರೇತ, ಕೊನೆಯಲ್ಲಿ ಹರಿದ ಬಟ್ಟೆಯಲ್ಲಿ ಬರಿಗೈಯಾಗಿ ಬರುವ ಜರ್ಕ್ಸಸ್, ಇವರೇ ಪಾತ್ರಗಳು. ತಮ್ಮ ಮನೆಗಳನ್ನು ಸುಟ್ಟ ಶತ್ರುಗಳ ತಾಯಂದಿರ ಗೋಳನ್ನು, ಸುಟ್ಟ ಮನೆಗಳನ್ನು ಮತ್ತೆ ಕಟ್ಟಿಕೊಂಡ ಜನರು ಕುಳಿತು ಕೇಳಿದರು.

ಒಂದು ವರ್ಷ ನಾವು ತರಗತಿಯಲ್ಲಿ ಸಲಾಮಿಸಿನ ಯುದ್ಧವನ್ನು ವರ್ಣಿಸಿದಾಗ ಹುಡುಗಿಯರು ಗ್ರೀಕರ ಗೆಲುವಿಗೆ ಚಪ್ಪಾಳೆ ತಟ್ಟಿದರು. ಆಮೇಲೆ ಈ ನಾಟಕದ ಕಥೆಯನ್ನು ಹೇಳಿದೆವು. ತರಗತಿಯು ಮೌನವಾಯಿತು. ಹಿಂದಿನ ಸಾಲಿನಲ್ಲಿದ್ದ ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು, ಮುಳುಗಿದವರ ಹೆಣಗಳು ದಡಕ್ಕೆ ಬಂದುವೇ ಎಂದು ಕೇಳಿದಳು. ಗೆದ್ದವರಾರು, ಸೋತವರಾರು ಎಂಬುದು ಅವಳಿಗೆ ಮುಖ್ಯವಾಗಿರಲಿಲ್ಲ. ಮಳೆಗಾಲದ ಮೊದಲ ಗಾಳಿಗೆ ದೋಣಿಯು ಮರಳದಿದ್ದಾಗ ದಡದಲ್ಲಿ ನಿಂತು ಕಾಯುವವರನ್ನು ಅವಳು ಕಂಡವಳು. ಪಾರಸಿಕರ ಹೆಣಗಳು ಅಲೆಗಳ ಮೇಲೆ ತೇಲಿ ಸಲಾಮಿಸಿನ ದಡದ ಬಂಡೆಗಳಿಗೆ ಬಡಿಯುತ್ತಿದ್ದುದನ್ನು ನಾಟಕದ ದೂತನು ವರ್ಣಿಸುವನೆಂದೂ, ಅವರ ಹೆಂಡಂದಿರು ಮೂರು ತಿಂಗಳ ದಾರಿಯ ದೂರದಲ್ಲಿದ್ದರೆಂದೂ ನಾವು ತಿಳಿಸಿದೆವು. ಆಗ ಇನ್ನೊಬ್ಬಳು, ಹಗೆಗಳಿಗಾಗಿ ಅಳುವಂತೆ ಮಾಡಿದ ಕವಿಯ ಮೇಲೆ ಅಥೆನ್ಸಿನವರು ಸಿಟ್ಟಾಗಲಿಲ್ಲವೇ ಎಂದು ಕೇಳಿದಳು.

ಇದು ಒಳ್ಳೆಯ ಪ್ರಶ್ನೆ. ಅದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಈ ನಾಟಕಕ್ಕೆ ಸುಮಾರು ಇಪ್ಪತ್ತು ವರ್ಷಗಳ ಮುಂಚೆ ಫ್ರೀನಿಕಸ್ ಎಂಬ ಕವಿಯು ಪಾರಸಿಕರ ಕೈಯಲ್ಲಿ ಹಾಳಾದ ಮಿಲೀಟಸ್ ಎಂಬ ಗ್ರೀಕ್ ನಗರದ ಕಥೆಯನ್ನು ರಂಗಕ್ಕೆ ತಂದಾಗ, ಪ್ರೇಕ್ಷಕರೆಲ್ಲರೂ ಅತ್ತರಂತೆ. ಸ್ವಜನರ ದುಃಖವನ್ನು ನೆನಪಿಸಿದುದಕ್ಕಾಗಿ ಅಥೆನ್ಸಿನವರು ಅವನಿಗೆ ಸಾವಿರ ದ್ರಾಕ್ಮ ದಂಡವನ್ನು ವಿಧಿಸಿದರೆಂದು ಹೆರೊಡೊಟಸನು ಬರೆದಿರುವನು. ಹಗೆಗಳ ದುಃಖವನ್ನು ತೋರಿಸಿದ ಈಸ್ಕಿಲಸನಿಗಾದರೋ ಅದೇ ಪಟ್ಟಣವು ಮೊದಲನೆಯ ಬಹುಮಾನವನ್ನು ಕೊಟ್ಟಿತು. ಅವನ ಮೇಳದ ವೆಚ್ಚವನ್ನು ವಹಿಸಿಕೊಂಡವನು, ಮುಂದೆ ಅಥೆನ್ಸಿನ ನಾಯಕನಾದ ತರುಣ ಪೆರಿಕ್ಲೀಸನು. ತಮ್ಮ ಹಗೆಗಳ ಶೋಕವನ್ನು ಆಲಿಸಬಲ್ಲ ಆ ದಿನದಲ್ಲಿ ಆ ಜನರು ನಿಜವಾಗಿ ದೊಡ್ಡವರಾಗಿದ್ದರೆಂದು ನಮಗೆ ತೋರುತ್ತದೆ.

ಆದರೆ ಮಕ್ಕಳಿಗೆ ಅರ್ಧ ಸತ್ಯವನ್ನು ಕಲಿಸಬಾರದು. ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ಹೆಂಗಸರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ. ಗುಲಾಮರಿಗೆ ಯಾವ ಹಕ್ಕೂ ಇರಲಿಲ್ಲ. ಅಟೋಸ್ಸ ರಾಣಿಯ ಗೋಳನ್ನು ಕೇಳಿ ಕರಗಿದ ಪಟ್ಟಣದಲ್ಲಿ ಅಟೋಸ್ಸಳ ಪಾತ್ರವನ್ನು ಆಡಲು ಒಬ್ಬ ಹೆಣ್ಣಿಗೂ ಅನುಮತಿಯಿರಲಿಲ್ಲ. ಗೆಲುವು ಕ್ರಮೇಣ ಅವರ ತಲೆಗೇರಿತು. ಜೊತೆಗಾರರಾದ ನಗರಗಳನ್ನು ಅಧೀನ ಮಾಡಿಕೊಂಡರು. ಕ್ರಿ. ಪೂ. ೪೧೬ರಲ್ಲಿ ತಮಗೆ ಒಳಪಡದ ಮೀಲೋಸ್ ಎಂಬ ಪುಟ್ಟ ದ್ವೀಪವನ್ನು ಮುತ್ತಿ, ಮುಂದಣ ಚಳಿಗಾಲದಲ್ಲಿ ಅದು ಶರಣಾದಾಗ ಅಲ್ಲಿನ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು. ಸ್ಪಾರ್ಟದೊಡನೆ ೪೩೧ರಿಂದ ನಡೆದ ಯುದ್ಧವು ೪೦೪ರಲ್ಲಿ ಅಥೆನ್ಸಿನ ಸೋಲಿನಲ್ಲಿ ಮುಗಿಯಿತು. ಐದು ವರ್ಷಗಳ ಬಳಿಕ ತಮ್ಮಲ್ಲಿ ಅತ್ಯಂತ ಜ್ಞಾನಿಯಾದ ಸಾಕ್ರಟೀಸನಿಗೆ ಅವರೇ ವಿಷವನ್ನು ಕುಡಿಸಿದರು. ಡೇರಿಯಸನ ಪ್ರೇತವು ಗರ್ವದ ವಿಷಯದಲ್ಲಿ ಕೊಟ್ಟ ಎಚ್ಚರಿಕೆಯು ಪಾರಸಿಕರಿಗೆ ಮಾತ್ರವಲ್ಲದೆ, ಕುಳಿತು ಕೇಳಿದವರಿಗೂ ಸಲ್ಲುವುದಾಗಿತ್ತು.

ಅಲೆಗ್ಸಾಂಡರನು ಕ್ರಿ. ಪೂ. ೩೨೬ರಲ್ಲಿ ಪಂಜಾಬಿನ ಬಿಯಾಸ್ ನದಿಯ ವರೆಗೆ ಬಂದು ಹಿಂದಿರುಗಿ, ೩೨೩ರಲ್ಲಿ ಬಾಬಿಲೋನಿನಲ್ಲಿ ಮಡಿದನು. ಅಂದಿನಿಂದ ಕ್ರಿ. ಪೂ. ೩೦ರಲ್ಲಿ ಐಗುಪ್ತದ ಕ್ಲಿಯೋಪಾತ್ರಳು ಸಾಯುವ ವರೆಗಿನದು ಗ್ರೀಕ್ ನುಡಿಯು ಲೋಕದಲ್ಲೆಲ್ಲ ಹರಡಿದ ಯುಗ. ಅಲೆಗ್ಸಾಂದ್ರಿಯದಲ್ಲಿ ಯೂಕ್ಲಿಡನು ರೇಖಾಗಣಿತವನ್ನು ಬರೆದನು; ಎರಟಾಸ್ಥನೀಸನು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದನು. ನಮ್ಮ ಅಶೋಕ ಚಕ್ರವರ್ತಿಯು ಕಲಿಂಗದಲ್ಲಿ ತಾನೇ ಕೊಲ್ಲಿಸಿದವರಿಗಾಗಿ ಪಶ್ಚಾತ್ತಾಪಪಟ್ಟು ಕೆತ್ತಿಸಿದ ಹದಿಮೂರನೆಯ ಶಾಸನದಲ್ಲಿ ಐವರು ಯವನರಾಜರ ಹೆಸರುಗಳು ಬರುತ್ತವೆ. ಗೆದ್ದವನೊಬ್ಬನು ಸೋತವರಿಗಾಗಿ ಮರುಗಿದ ಮಾತು ನಮ್ಮ ನೆಲದ ಬಂಡೆಯ ಮೇಲೂ ಇದೆ. ಕ್ರಿ. ಪೂ. ೧೪೬ರಲ್ಲಿ ಗ್ರೀಸ್ ರೋಮನರ ವಶವಾಯಿತು. ಆದರೂ ಗ್ರೀಕ್ ನುಡಿಯು ಅಳಿಯಲಿಲ್ಲ. ಹೊಸ ಒಡಂಬಡಿಕೆಯ ಪುಸ್ತಕಗಳು ಆ ನುಡಿಯಲ್ಲಿಯೇ ನಮಗೆ ಬಂದಿರುವುವು.

ರೋಮನರ ಆ ಕಾಲದಲ್ಲಿಯೇ ಗ್ರೀಕರ ರಂಗಭೂಮಿಯು ನಮ್ಮ ಕಡಲಿನತ್ತ ತಿರುಗಿ ನೋಡಿದುದುಂಟು. ಐಗುಪ್ತದ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಣ್ಣೆಗಳಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಒಂದು ಹಾಳೆಯ ಸುರುಳಿಯಲ್ಲಿ ಗ್ರೀಕ್ ಪ್ರಹಸನವೊಂದಿದೆ. ಹಿಂದೂ ಸಾಗರದ ತೀರದಲ್ಲಿ ಅರಸನೊಬ್ಬನ ಸೆರೆಯಲ್ಲಿದ್ದ ಕಾರಿಟಿಯನ್ ಎಂಬ ಗ್ರೀಕ್ ಕನ್ಯೆಯನ್ನು ಅವಳ ಅಣ್ಣನು ಬಂದು ಬಿಡಿಸುವ ಕಥೆ ಅದು. ಅರಸನೂ ಅವನ ಜನರೂ ಆಡುವ ಕೆಲವು ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೆಂದು ಹುಲ್ಟ್ಸ್ ಎಂಬ ಜರ್ಮನ್ ಪಂಡಿತನು ೧೯೦೪ರಲ್ಲಿ ಸೂಚಿಸಿದನು. ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಕಥೆಯು ನಡೆದ ಸ್ಥಳವು ಮಲ್ಪೆಯ ಬಳಿಯೆಂದು ಊಹಿಸಿದವರೂ ಉಂಟು. ಅದೇನೇ ಇರಲಿ, ಆ ಪ್ರಹಸನದಲ್ಲಿ ನಮ್ಮ ತೀರದವರಂಥ ಪರಕೀಯರು ಅರ್ಥವಾಗದ ಮಾತನ್ನು ಆಡಿ ನಗೆಗೀಡಾಗುವವರು ಮಾತ್ರ. ಈಸ್ಕಿಲಸನ ನಾಟಕದಲ್ಲಿ ಪರಕೀಯರ ದುಃಖಕ್ಕೆ ಅರ್ಥವಿತ್ತು. ಈ ಪ್ರಹಸನದಲ್ಲಿ ಅವರ ಮಾತಿಗೂ ಅರ್ಥವಿಲ್ಲ. ಆರುನೂರು ವರ್ಷಗಳಲ್ಲಿ ಒಂದು ರಂಗಭೂಮಿಯು ಎಲ್ಲಿಂದ ಎಲ್ಲಿಗೆ ಇಳಿಯಿತೆಂಬುದನ್ನು ಇದರಿಂದ ಊಹಿಸಬಹುದು. ಗ್ರೀಕರ ಪ್ರಹಸನದಲ್ಲಿ ಹೀಗೆ ಹಾಸ್ಯಕ್ಕೆ ವಸ್ತುವಾಯಿತೆಂದು ಹೇಳಲಾಗುವ ಅದೇ ಕನ್ನಡದಲ್ಲಿ ಗ್ರೀಕರ ಅತ್ಯುತ್ತಮವಾದ ಮರುಕವನ್ನು ನುಡಿಸಿದವರು ಶ್ರೀಕಂಠಯ್ಯನವರು.

ಇನ್ನು ಅವರ ಉಳಿದ ಜೀವಿತವನ್ನು ಕುರಿತು ಎರಡು ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿಯು ಆರಂಭವಾಗುವಂತೆ ದುಡಿದವರಲ್ಲಿ ಅವರು ಪ್ರಮುಖರು. ಮರುವರ್ಷ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯು ಅವರಿಗೆ ಸಂದಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಅವರು ಪಾಠ ಹೇಳಿದರು. ೧೯೩೮ರಲ್ಲಿ ಮೈಸೂರಿನ ಮಹಾರಾಜರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನು ದಯಪಾಲಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಕನ್ನಡ ಪರೀಕ್ಷೆಗಳು, ಅಚ್ಚುಕೂಟ, ಪತ್ರಿಕೆ ಮೊದಲಾದವುಗಳಿಗಾಗಿ ಶ್ರಮಿಸಿದರು. ತಾವು ಬರೆದುದು ಕಡಮೆ, ಬರೆಯಿಸಿದುದು ಬಹಳ. ತರುಣರಾದ ಬರಹಗಾರರನ್ನು ಹುಡುಕಿ, ಬೆನ್ನು ತಟ್ಟಿ, ಮುಂದಕ್ಕೆ ತಂದುದರಿಂದಲೇ ಕನ್ನಡಿಗರು ಅವರನ್ನು ಆಚಾರ್ಯರೆಂದು ಕರೆದರು. ನಿವೃತ್ತಿಯಾದ ಬಳಿಕವೂ ವಿಶ್ರಾಂತಿಯನ್ನು ಬಯಸದೆ ಧಾರವಾಡಕ್ಕೆ ಹೋಗಿ ಅಲ್ಲಿನ ಕಾಲೇಜೊಂದರ ಪ್ರಾಂಶುಪಾಲರಾದರು. ಯಾವ ಊರಿನಲ್ಲಿ ಇಪ್ಪತ್ತೇಳರ ತರುಣರಾಗಿ ಕನ್ನಡದ ಪರವಾಗಿ ದನಿಯೆತ್ತಿದ್ದರೋ ಅದೇ ಊರಿನಲ್ಲಿ, ೧೯೪೬ರ ಜನವರಿ ೫ರಂದು, ಅರವತ್ತೆರಡು ತುಂಬಿ ಎರಡೇ ದಿನಗಳಾಗಿದ್ದಾಗ, ಕಾಲವಾದರು. ಆಗ ಕನ್ನಡನಾಡು ಇನ್ನೂ ಹಲವು ತುಂಡುಗಳಾಗಿಯೇ ಇತ್ತು. ನಮ್ಮ ಕುಂದಾಪುರವು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ೧೯೫೬ರಲ್ಲಿ ನಾಡು ಒಂದಾದುದನ್ನು ಅವರು ಕಾಣಲಿಲ್ಲ. ಅವರ ಹೆಸರಿನ ಸ್ಮಾರಕ ಪ್ರತಿಷ್ಠಾನವು ೧೯೭೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು.

ಆ ತಂದೆಯವರ ಪ್ರಶ್ನೆಗೆ ಈಗ ಉತ್ತರ ಹೇಳಲು ಧೈರ್ಯ ಮಾಡುತ್ತೇವೆ. ಕೋಟೇಶ್ವರದ ಹೆಣ್ಣುಮಗುವಿಗೆ ಗ್ರೀಕರ ಇಸವಿಗಳಿಂದ ಆಗಬೇಕಾದುದು ಬಹಳವೇನೂ ಇಲ್ಲ. ಆದರೆ ಹಗೆಯ ತಾಯಿಯೂ ತಾಯಿಯೇ ಎಂದು ತಿಳಿದುಕೊಂಡ ಜನರು ಒಂದು ಕಾಲದಲ್ಲಿ ಇದ್ದರೆಂಬುದೂ, ಅದನ್ನು ಮರೆತ ದಿನವೇ ಅವರು ಚಿಕ್ಕವರಾದರೆಂಬುದೂ, ಆ ಒಳ್ಳೆಯದನ್ನು ಒಬ್ಬ ಉಪಾಧ್ಯಾಯರು ದೂರದಿಂದ ಹೊತ್ತುತಂದು ಅವಳ ಮಾತೃಭಾಷೆಯಲ್ಲಿಯೇ ಅವಳ ಕೈಗಿತ್ತರೆಂಬುದೂ ಅವಳಿಗೆ ತಿಳಿದಿರಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ದೂರದ ಪಟ್ಟಣಗಳಲ್ಲಿ, ಪರದೇಶಗಳಲ್ಲಿ, ಬೇರೆ ನುಡಿಯವರ ನಡುವೆ ಸಂಸಾರ ಹೂಡಿರುವಿರಿ. ನೆರೆಮನೆಯವರ ದುಃಖವು ನಿಮಗೆ ಅರ್ಥವಾಗುವ ನುಡಿಯಲ್ಲಿ ಇಲ್ಲದಿರಬಹುದು. ಅದನ್ನು ನಿಮ್ಮ ಮನೆಯ ನುಡಿಗೆ ತಂದುಕೊಳ್ಳುವಷ್ಟು ವಿದ್ಯೆಯು ಈ ಶಾಲೆಯಲ್ಲಿ ನಿಮಗೆ ದೊರೆತಿದ್ದರೆ ನಮ್ಮ ಪಾಠವು ವ್ಯರ್ಥವಾಗಲಿಲ್ಲವೆಂದು ತಿಳಿಯುವೆವು. ಹಿಂದಿನ ಸಾಲಿನ ಆ ಹುಡುಗಿಯು ಈಗ ತಾನೇ ಉಪಾಧ್ಯಾಯಿನಿಯಾಗಿರುವಳು. ಸಲಾಮಿಸಿನ ಪಾಠವನ್ನು ಅವಳು ಎಲ್ಲಿಂದ ಆರಂಭಿಸುವಳೆಂದು ನಾವು ಕೇಳಿದಾಗ, ಕಾಯುತ್ತಿದ್ದ ತಾಯಿಯಿಂದಲೇ ಎಂದು ತಿಳಿಸಿದಳು.